ಜ್ವರ ಬಿಟ್ಟರೂ ಬಿಡದ ಸುಸ್ತು: ವೈರಸ್ ಸೋಂಕಿಗೂ ದೀರ್ಘಕಾಲೀನ ಬಳಲಿಕೆಗೂ ಇರುವ ನಂಟು

ಪ್ರಶ್ನೆ: ನಾನು 36 ವರ್ಷದ ಪ್ರೌಢಶಾಲಾ ಶಿಕ್ಷಕಿ. ಹತ್ತು ತಿಂಗಳ ಹಿಂದೆ ಒಂದು ವಾರ ಜೋರು ಜ್ವರ, ಗಂಟಲು ನೋವು, ಮೈಕೈ ನೋವು ಬಂದಿತ್ತು. ಡೆಂಗಿ ಅಲ್ಲ, ಟೈಫಾಯ್ಡ್ ಅಲ್ಲ, ವೈರಲ್ ಫೀವರ್ ಎಂದರು. ಜ್ವರ ಬಿಟ್ಟಿತು, ಸುಸ್ತು ಮಾತ್ರ ಬಿಡಲಿಲ್ಲ. ಎಷ್ಟು ನಿದ್ದೆ ಮಾಡಿದರೂ ಬೆಳಗ್ಗೆ ಏಳುವಾಗ ನಿದ್ದೆಯೇ ಮಾಡಿಲ್ಲವೇನೋ ಎನಿಸುತ್ತದೆ. ಒಂದು ದಿನ ಸ್ವಲ್ಪ ಹೆಚ್ಚು ಓಡಾಡಿದರೆ ಅದರ ಮರುದಿನ ಅಥವಾ ಮೂರನೆಯ ದಿನ ಹಾಸಿಗೆ ಹಿಡಿಯುತ್ತೇನೆ. ಪಾಠ ಮಾಡುವಾಗ ಗೊತ್ತಿರುವ ಪದವೂ ಬಾಯಿಗೆ ಬರುವುದಿಲ್ಲ. ರಕ್ತಪರೀಕ್ಷೆಗಳೆಲ್ಲ ನಾರ್ಮಲ್. ಇತ್ತೀಚೆಗೆ ಮಾಡಿಸಿದ ಒಂದು ಪರೀಕ್ಷೆಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್‌ನ ಐಜಿಜಿ ಪಾಸಿಟಿವ್ ಬಂದಿದೆ. ವೈರಸ್ ಇನ್ನೂ ನನ್ನ ದೇಹದಲ್ಲಿದೆಯೇ? ಅದನ್ನು ಕೊಲ್ಲುವ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆಯೇ? ಇದು ಮನಸ್ಸಿನ ಕಾಯಿಲೆ, ದಿನಾ ವಾಕಿಂಗ್ ಮಾಡಿದರೆ ಸರಿಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ವೈರಸ್ ಸೋಂಕಿನಿಂದ ಇಂಥ ದೀರ್ಘ ಬಳಲಿಕೆ ಶುರುವಾಗಬಹುದೇ ಎಂಬ ಮೂಲ ಪ್ರಶ್ನೆಗೆ, ಹೌದು, ಆಗಬಹುದು ಎಂದು ಈಗ ಸಾಕಷ್ಟು ಖಚಿತವಾಗಿ ಹೇಳಬಹುದು. ವೈರಸ್ಸೇ ಇನ್ನೂ ಒಳಗೆ ಕುಳಿತು ಈ ಸುಸ್ತನ್ನು ಉಂಟುಮಾಡುತ್ತಿದೆಯೇ ಎಂಬುದಕ್ಕೆ ಅಷ್ಟು ನೇರವಾದ ಉತ್ತರವಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಆ ರಿಪೋರ್ಟ್ ಅದಕ್ಕೆ ಪುರಾವೆಯಲ್ಲ. ವೈರಸ್ ನಿರೋಧಕ ಮಾತ್ರೆಯಿಂದ ಈ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೂ ಇಂದಿನವರೆಗೆ ಭರವಸೆಯ ಆಧಾರ ಸಿಕ್ಕಿಲ್ಲ. ವಾಕಿಂಗ್ ವಿಷಯದಲ್ಲಿ ನಿಮ್ಮ ಮನೆಯವರ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದಿದ್ದರೂ, ನೀವು ವಿವರಿಸಿರುವ ಲಕ್ಷಣಗಳಿರುವವರಿಗೆ ಅದು ಹಾನಿ ಮಾಡಬಹುದು. ಆದ್ದರಿಂದ ಅವರೂ ಈ ಉತ್ತರವನ್ನು ಓದಲಿ ಎಂದು ನನ್ನ ಆಸೆ.

ಪತ್ರ ನೋಡಿ ರೋಗ ನಿರ್ಣಯ ಮಾಡುವುದು ಸರಿಯಲ್ಲ. ಆದರೂ ನೀವು ಬರೆದಿರುವ ಮೂರು ಸಂಗತಿಗಳು, ಅಂದರೆ ದಣಿದ ಮೇಲೆ ಒಂದೆರಡು ದಿನ ತಡವಾಗಿ ಬರುವ ಕುಸಿತ, ನಿದ್ದೆಯಿಂದ ಚೇತರಿಕೆ ಸಿಗದಿರುವುದು ಮತ್ತು ತಲೆ ಮಂಕಾಗುವುದು, ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಕಾಯಿಲೆಯ ಮುಖ್ಯ ಲಕ್ಷಣಗಳು. ಎರಡೂ ಹೆಸರುಗಳನ್ನು ಜೋಡಿಸಿ ವೈದ್ಯರು ಇದನ್ನು ಎಂಇ/ಸಿಎಫ್ಎಸ್ ಎಂದು ಬರೆಯುತ್ತಾರೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದ ಪ್ರಕಾರ, ಮೊದಲಿನಂತೆ ಕೆಲಸಕಾರ್ಯ ಮಾಡಲಾಗದಷ್ಟು ಬಳಲಿಕೆ ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು, ದಣಿವಿನ ನಂತರದ ಕುಸಿತ ಇರಬೇಕು, ನಿದ್ದೆಯಿಂದ ಚೈತನ್ಯ ಬರದಿರಬೇಕು, ಇವುಗಳ ಜೊತೆಗೆ ಯೋಚನೆ ಮತ್ತು ನೆನಪಿನ ತೊಂದರೆ ಅಥವಾ ಎದ್ದು ನಿಂತಾಗ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ಇವುಗಳಲ್ಲಿ ನಾನು ಅತ್ಯಂತ ಮಹತ್ವ ಕೊಡುವುದು ದಣಿವಿನ ನಂತರದ ಕುಸಿತಕ್ಕೆ. ರಕ್ತಹೀನತೆಯಿಂದಲೋ ಥೈರಾಯ್ಡ್ ಕೊರತೆಯಿಂದಲೋ ಸುಸ್ತಾಗಿರುವವರು ಕೆಲಸ ಮಾಡುತ್ತಿರುವಾಗಲೇ ಸೋಲುತ್ತಾರೆ, ವಿಶ್ರಾಂತಿ ಪಡೆದರೆ ಒಂದಿಷ್ಟು ಸುಧಾರಿಸಿಕೊಳ್ಳುತ್ತಾರೆ. ಎಂಇ/ಸಿಎಫ್ಎಸ್ ಇರುವವರು ಆ ಹೊತ್ತಿಗೆ ಹೇಗೋ ನಿಭಾಯಿಸಿ, 12ರಿಂದ 48 ಗಂಟೆಗಳ ನಂತರ ನೆಲಕಚ್ಚುತ್ತಾರೆ. ಶಾಲೆಯ ವಾರ್ಷಿಕೋತ್ಸವದ ದಿನ ನಿಮ್ಮನ್ನು ನೋಡಿದವರಿಗೆ ನೀವು ಚೆನ್ನಾಗಿಯೇ ಕಾಣುತ್ತೀರಿ. ಮೂರನೆಯ ದಿನ ನೀವು ಕತ್ತಲೆ ಕೋಣೆಯಲ್ಲಿ ಮಲಗಿರುವುದನ್ನು ಅವರು ನೋಡಿರುವುದಿಲ್ಲ. ಈ ಕಾಯಿಲೆಯವರ ಮಾತನ್ನು ಜನ ನಂಬದಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಸೋಂಕಿನ ಜೊತೆಗಿನ ನಂಟು ಹೊಸ ಊಹೆಯೇನಲ್ಲ. 1934ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೋಲಿಯೊ ಹರಡಿದ್ದಾಗ ಅಲ್ಲಿನ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಸುಮಾರು ಇನ್ನೂರು ಜನ, ಹೆಚ್ಚಾಗಿ ನರ್ಸ್‌ಗಳು ಮತ್ತು ವೈದ್ಯರು, ಪೋಲಿಯೊವನ್ನು ಹೋಲುವ ಆದರೆ ಪೋಲಿಯೊ ಅಲ್ಲದ ಕಾಯಿಲೆಯಿಂದ ಮಲಗಿದರು, ಮತ್ತು ಅವರಲ್ಲಿ ಹಲವರ ಸ್ನಾಯು ನೋವು, ದೌರ್ಬಲ್ಯ ಹಾಗೂ ನೆನಪಿನ ತೊಂದರೆ ಬಹಳ ಕಾಲ ಉಳಿಯಿತು. 1948ರಲ್ಲಿ ಐಸ್‌ಲ್ಯಾಂಡ್‌ನ ಅಕುರೇರಿ ಪಟ್ಟಣದಲ್ಲಿ ಇಂಥದ್ದೇ ಇನ್ನೊಂದು ಸಾಂಕ್ರಾಮಿಕ ಕಾಣಿಸಿಕೊಂಡಿತು. 1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿ ಒಬ್ಬರಾದ ಮೇಲೊಬ್ಬರು ಕಾಯಿಲೆ ಬಿದ್ದರು. ಒಟ್ಟು 292 ಸಿಬ್ಬಂದಿ ಬಾಧಿತರಾದರು ಮತ್ತು ಆಸ್ಪತ್ರೆಯನ್ನೇ ಅಕ್ಟೋಬರ್‌ವರೆಗೆ ಮುಚ್ಚಬೇಕಾಯಿತು. ಅಲ್ಲಿನ ಸೋಂಕು ರೋಗಗಳ ತಜ್ಞರಾದ ಮೆಲ್ವಿನ್ ರಾಮ್‌ಸೇ ಮುಂದೆ ದಶಕಗಳ ಕಾಲ ಈ ಕಾಯಿಲೆಯನ್ನು ಬೆನ್ನುಹತ್ತಿ ದಾಖಲಿಸಿದರು. ಆದರೆ 1970ರಲ್ಲಿ ಇಬ್ಬರು ಮನೋವೈದ್ಯರು, ರೋಗಿಗಳನ್ನು ಖುದ್ದಾಗಿ ಪರೀಕ್ಷಿಸದೆ, ಹಳೆಯ ಕಡತಗಳನ್ನು ಓದಿ, ಇದು ಸಾಮೂಹಿಕ ಉನ್ಮಾದ ಎಂದು ಬರೆದರು. ಬಾಧಿತರಲ್ಲಿ ಹೆಂಗಸರೇ ಹೆಚ್ಚು ಎಂಬುದೂ ಅವರಿಗೆ ಒಂದು ಆಧಾರವಾಗಿತ್ತು. ನಿಮ್ಮ ಮನೆಯಲ್ಲಿ ಇಂದು ಕೇಳಿಬರುತ್ತಿರುವ ‘ಮನಸ್ಸಿನ ಕಾಯಿಲೆ’ ಎಂಬ ಮಾತಿನ ಹಿಂದೆ ಇಂಥ ಬರಹಗಳ ದೀರ್ಘ ಪ್ರಭಾವವಿದೆ, ಮತ್ತು ಆ ಒಂದು ತೀರ್ಮಾನದಿಂದ ಸಂಶೋಧನೆ ಎಷ್ಟೋ ವರ್ಷ ಹಿಂದೆ ಬಿತ್ತು ಎಂಬುದು ನನಗೆ ಈಗಲೂ ನೋವಿನ ಸಂಗತಿ.

1984ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲಿ ಪಾಲ್ ಚೇನಿ ಮತ್ತು ಡೇನಿಯಲ್ ಪೀಟರ್ಸನ್ ಎಂಬ ವೈದ್ಯರು, ಫ್ಲೂ ಥರದ ಜ್ವರದ ನಂತರ ಚೇತರಿಸಿಕೊಳ್ಳದ ನೂರಾರು ಜನರನ್ನು ಕಂಡರು. ಆಗ ಎಲ್ಲರ ಅನುಮಾನ ಎಪ್‌ಸ್ಟೀನ್-ಬಾರ್ ವೈರಸ್ಸಿನ ಮೇಲೆ ಹೋಯಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ತನಿಖೆ ಮಾಡಿದಾಗ ಆ ವೈರಸ್ಸೊಂದೇ ಕಾರಣ ಎಂದು ಹೇಳಲಾಗಲಿಲ್ಲ. 1988ರಲ್ಲಿ ಯಾವ ವೈರಸ್ಸಿನ ಹೆಸರೂ ಇಲ್ಲದ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರನ್ನು ಕೊಟ್ಟರು.

ಇನ್ನು ನಿಮ್ಮ ರಿಪೋರ್ಟಿನ ವಿಷಯ. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಯಾವುದಾದರೊಂದು ವಯಸ್ಸಿನಲ್ಲಿ ತಗುಲಿರುತ್ತದೆ. ಅದು ಮುಖ್ಯವಾಗಿ ಎಂಜಲಿನಿಂದ ಹರಡುತ್ತದೆ. ನಮ್ಮ ದೇಶದಲ್ಲಿ ಬಹುಪಾಲು ಮಕ್ಕಳಿಗೆ ಎಳವೆಯಲ್ಲಿಯೇ ತಗುಲಿ, ಸಾಮಾನ್ಯ ಶೀತ ಜ್ವರದಂತೆ ಬಂದು ಹೋಗುತ್ತದೆ, ತಾಯಂದಿರ ಗಮನಕ್ಕೂ ಬಂದಿರುವುದಿಲ್ಲ. ಪಶ್ಚಿಮದ ದೇಶಗಳಲ್ಲಿ ಅನೇಕರಿಗೆ ಹದಿಹರೆಯದಲ್ಲಿ ಮೊದಲ ಬಾರಿ ತಗುಲುವುದರಿಂದ ವಾರಗಟ್ಟಲೆ ಜ್ವರ, ಗಂಟಲು ನೋವು, ಕುತ್ತಿಗೆಯ ಗ್ರಂಥಿಗಳ ಊತ ಬರುತ್ತದೆ. ಅದನ್ನು ಗ್ರಂಥಿ ಜ್ವರ ಅಥವಾ ಮೊನೊನ್ಯೂಕ್ಲಿಯೋಸಿಸ್ ಎನ್ನುತ್ತಾರೆ. ಒಮ್ಮೆ ಒಳಹೊಕ್ಕ ಈ ವೈರಸ್ ಬಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಜೀವಮಾನವಿಡೀ ಸುಪ್ತವಾಗಿ ಉಳಿಯುತ್ತದೆ, ಮತ್ತು ಅದರ ವಿರುದ್ಧ ದೇಹ ತಯಾರಿಸಿದ ಐಜಿಜಿ ಪ್ರತಿಕಾಯವೂ ರಕ್ತದಲ್ಲಿ ಜೀವಮಾನವಿಡೀ ಇರುತ್ತದೆ. ಹಾಗಾಗಿ ನಿಮ್ಮ ಐಜಿಜಿ ಪಾಸಿಟಿವ್ ಎಂದರೆ ಹಿಂದೆ ಎಂದೋ ಈ ವೈರಸ್ ನಿಮಗೆ ತಗುಲಿತ್ತು ಎಂದಷ್ಟೇ ಅರ್ಥ. ನಿಮ್ಮ ಶಾಲೆಯ ಸಹೋದ್ಯೋಗಿಗಳೆಲ್ಲ ಇದೇ ಪರೀಕ್ಷೆ ಮಾಡಿಸಿದರೆ ಬಹುತೇಕ ಎಲ್ಲರದ್ದೂ ಪಾಸಿಟಿವ್ ಬರುತ್ತದೆ. ಹತ್ತು ತಿಂಗಳ ಹಿಂದಿನ ಜ್ವರ ಇದರಿಂದಲೇ ಬಂದದ್ದೇ ಎಂದು ತಿಳಿಯಲು ಆ ಜ್ವರದ ದಿನಗಳಲ್ಲಿಯೇ, ಹೊಸ ಸೋಂಕಿನ ಆರಂಭದಲ್ಲಿ ಕಾಣಿಸಿಕೊಳ್ಳುವ ಐಜಿಎಂ ಪ್ರತಿಕಾಯದ ಪರೀಕ್ಷೆ ಮಾಡಬೇಕಿತ್ತು. ಈಗ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಹಣ ಕಳೆದುಕೊಳ್ಳಬೇಡಿ. ಸಂಖ್ಯೆ ಹೆಚ್ಚಿದರೂ ಕಡಿಮೆಯಾದರೂ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ.

ಒಂದು ನಿರ್ದಿಷ್ಟ ವೈರಸ್ಸೇ ಈ ಕಾಯಿಲೆಗೆ ಕಾರಣ ಎಂಬ ಹುಡುಕಾಟ ಏಕೆ ಸೋತಿತು ಎಂಬುದನ್ನು ತಿಳಿಯಲು, ನನ್ನ ಅಭಿಪ್ರಾಯದಲ್ಲಿ, ಆಸ್ಟ್ರೇಲಿಯಾದ ಡಬ್ಬೊ ಪಟ್ಟಣದ ಸುತ್ತ ನಡೆದ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಂಶೋಧಕರು ಕಾಯಿಲೆ ಬಂದು ವರ್ಷಗಳಾದವರನ್ನು ಹುಡುಕಿ ‘ನಿಮಗೆ ಮೊದಲು ಜ್ವರ ಬಂದಿತ್ತೇ’ ಎಂದು ಕೇಳಲಿಲ್ಲ. ಸೋಂಕು ತಗುಲಿದ ದಿನಗಳಲ್ಲಿಯೇ 253 ಜನರನ್ನು ಗುರುತಿಸಿ, ಅವರು ಗುಣವಾಗುತ್ತಾರೋ ಇಲ್ಲವೋ ಎಂದು ಹಿಂಬಾಲಿಸಿದರು. ಅವರಿಗೆ ತಗುಲಿದ್ದು ಮೂರು ಬೇರೆ ಬೇರೆ ಸೋಂಕುಗಳು: ಎಪ್‌ಸ್ಟೀನ್-ಬಾರ್ ವೈರಸ್, ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್ ಮತ್ತು ದನ, ಕುರಿ, ಮೇಕೆಗಳಿಂದ ಬರುವ ಕ್ಯೂ ಜ್ವರ. ಆರು ತಿಂಗಳ ನಂತರವೂ ಕೆಲಸಕ್ಕೆ ಅಡ್ಡಿಯಾಗುವಷ್ಟು ಬಳಲಿಕೆ ಉಳಿದವರು ಸುಮಾರು ಶೇ 12ರಷ್ಟು, ಮತ್ತು ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ರಾನಿಕ್ ಫಟೀಗ್ ಸಿಂಡ್ರೋಮ್‌ನ ಮಾನದಂಡಕ್ಕೆ ಒಳಪಟ್ಟರು. ಸೋಂಕು ಮೂರರಲ್ಲಿ ಯಾವುದೇ ಆಗಿರಲಿ, ಪ್ರಮಾಣ ಒಂದೇ ತೆರನಾಗಿತ್ತು. ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ವೈರಸ್ ಕೂಡ ಅಲ್ಲ, ಬ್ಯಾಕ್ಟೀರಿಯಾ. ಯಾರಿಗೆ ಬಳಲಿಕೆ ಉಳಿಯುತ್ತದೆ ಎಂಬುದು ಮೊದಲ ಜ್ವರ ಎಷ್ಟು ತೀವ್ರವಾಗಿತ್ತು ಎಂಬುದರ ಮೇಲೆ ನಿಂತಿತ್ತು; ಅವರ ಸ್ವಭಾವವಾಗಲಿ ಹಿಂದಿನ ಮಾನಸಿಕ ಸ್ಥಿತಿಯಾಗಲಿ ಅದನ್ನು ನಿರ್ಧರಿಸಲಿಲ್ಲ. ನಿಮ್ಮ ಮನೆಯವರಿಗೆ ಒಂದೇ ಒಂದು ಸಂಶೋಧನೆಯನ್ನು ತೋರಿಸುವುದಾದರೆ ಇದನ್ನು ತೋರಿಸಿ.

ಅದೇ ದಿಕ್ಕಿನಲ್ಲಿ ಇನ್ನಷ್ಟು ಸಾಕ್ಷ್ಯಗಳು ಬಂದಿವೆ. ಷಿಕಾಗೊ ಪ್ರದೇಶದಲ್ಲಿ ಗ್ರಂಥಿ ಜ್ವರ ಬಂದ 301 ಹದಿಹರೆಯದವರನ್ನು ಹಿಂಬಾಲಿಸಿದಾಗ ಆರು ತಿಂಗಳಿಗೆ ಶೇ 13, ಒಂದು ವರ್ಷಕ್ಕೆ ಶೇ 7, ಎರಡು ವರ್ಷಕ್ಕೆ ಶೇ 4ರಷ್ಟು ಮಕ್ಕಳಲ್ಲಿ ಈ ಕಾಯಿಲೆ ಉಳಿದಿತ್ತು. ಕಾಲ ಕಳೆದಂತೆ ಹಲವರು ಗುಣವಾಗುತ್ತಾರೆ ಎಂಬುದನ್ನೂ ಈ ಅಂಕಿಗಳು ಹೇಳುತ್ತವೆ. 2004ರಲ್ಲಿ ನಾರ್ವೆಯ ಬರ್ಗನ್ ನಗರದ ಕುಡಿಯುವ ನೀರಿಗೆ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಸೇರಿ ಸಾವಿರಾರು ಜನರಿಗೆ ಭೇದಿಯಾದಾಗ, ಕರುಳು ಸರಿಹೋದ ವರ್ಷಗಳ ನಂತರವೂ ಅನೇಕರ ಬಳಲಿಕೆ ಹೋಗಲಿಲ್ಲ. 2003ರ ಸಾರ್ಸ್ ಸೋಂಕಿನಿಂದ ಬದುಕುಳಿದ ಹಾಂಗ್‌ಕಾಂಗ್ ಮತ್ತು ಟೊರಾಂಟೊದ ಆರೋಗ್ಯ ಕಾರ್ಯಕರ್ತರಲ್ಲಿಯೂ ಇದೇ ಕತೆ. ಆ ಬಳಿಕ ಕೋವಿಡ್ ಬಂದಿತು. ಅಮೆರಿಕದ ರಿಕವರ್ ಅಧ್ಯಯನದ 2025ರ ವರದಿಯಲ್ಲಿ, ಕೋವಿಡ್ ತಗುಲಿದವರಲ್ಲಿ ಶೇ 4.5 ಜನ ಎಂಇ/ಸಿಎಫ್ಎಸ್ ಮಾನದಂಡಕ್ಕೆ ಒಳಪಟ್ಟರೆ, ತಗುಲದವರಲ್ಲಿ ಆ ಪ್ರಮಾಣ ಶೇ 0.6 ಮಾತ್ರ ಇತ್ತು. ಅಲ್ಲಿಯವರೆಗೆ ಈ ನಂಟನ್ನು ಅನುಮಾನಿಸುತ್ತಿದ್ದ ಬಹಳಷ್ಟು ವೈದ್ಯರು, ತಮ್ಮ ಸಹೋದ್ಯೋಗಿಗಳೇ ಕೋವಿಡ್ ನಂತರ ವಾರ್ಡಿಗೆ ಮರಳಲಾಗದೆ ಹೋದದ್ದನ್ನು ಕಂಡು ಅಭಿಪ್ರಾಯ ಬದಲಿಸಿದರು.

ನಮ್ಮಲ್ಲಿ ಚಿಕೂನ್‌ಗುನ್ಯಾ ಮತ್ತು ಡೆಂಗಿಯ ನಂತರ ತಿಂಗಳುಗಟ್ಟಲೆ ಕಾಡುವ ನಿತ್ರಾಣ ಮನೆಮನೆಗೂ ಗೊತ್ತಿರುವ ಸಂಗತಿ. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಹಳ್ಳಿಗಳಲ್ಲಿ ಲಕ್ಷಾಂತರ ಜನರನ್ನು ಮಲಗಿಸಿತು, ಮತ್ತು ಕೀಲು ನೋವಿನ ಜೊತೆಗೆ ಬಂದ ಆಯಾಸ ಹಲವರಲ್ಲಿ ವರ್ಷದವರೆಗೂ ಉಳಿಯಿತು. ಮಲೆನಾಡಿನ ಮಂಗನ ಕಾಯಿಲೆಯಿಂದ ಚೇತರಿಸಿಕೊಳ್ಳುವುದೂ ನಿಧಾನ. ಆದರೆ ಕೀಲು ನೋವಿನಿಂದ ನಡೆಯಲಾಗದಿರುವುದು ಬೇರೆ, ದಣಿವಿನ ನಂತರದ ಕುಸಿತ ಇರುವ ಎಂಇ/ಸಿಎಫ್ಎಸ್ ಬೇರೆ. ಇವೆರಡನ್ನೂ ಒಂದೇ ಸಾಲಿನಲ್ಲಿ ‘ಪೋಸ್ಟ್ ವೈರಲ್ ವೀಕ್‌ನೆಸ್’ ಎಂದು ಬರೆದು, ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸುವ ರೂಢಿ ನಮ್ಮ ಕ್ಲಿನಿಕ್ಕುಗಳಲ್ಲಿದೆ. ನಿಮ್ಮಂಥವರು ಹತ್ತು ತಿಂಗಳು ಅಲೆದಾಡುವುದಕ್ಕೆ ಆ ರೂಢಿಯೂ ಕಾರಣ.

ಸೋಂಕು ಹೋದ ಮೇಲೂ ಕಾಯಿಲೆ ಏಕೆ ನಿಲ್ಲುತ್ತದೆ ಎಂಬುದಕ್ಕೆ ಹಲವು ವಿವರಣೆಗಳಿವೆ, ಮತ್ತು ಅವು ಒಂದಕ್ಕೊಂದು ವಿರುದ್ಧವಾದವೇನಲ್ಲ. ವೈರಸ್ಸಿನ ತುಣುಕುಗಳು ಕರುಳು, ನರ ಅಥವಾ ಸ್ನಾಯುವಿನ ಅಂಗಾಂಶದಲ್ಲಿ ಉಳಿದು ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುತ್ತಿರಬಹುದು ಎಂಬುದು ಒಂದು. ಹೊಸ ಸೋಂಕಿನ ಗಲಾಟೆಯಲ್ಲಿ ಎಪ್‌ಸ್ಟೀನ್-ಬಾರ್ ಅಥವಾ ಎಚ್‌ಎಚ್‌ವಿ-6ರಂಥ ಹಳೆಯ ಸುಪ್ತ ವೈರಸ್ಸುಗಳು ಎಚ್ಚರಗೊಂಡು, ಪೂರ್ತಿಯಾಗಿ ವೃದ್ಧಿಯಾಗದೆಯೇ ತಮ್ಮ ಕೆಲವು ಪ್ರೋಟೀನುಗಳನ್ನು ಹೊರಬಿಡುತ್ತಿರಬಹುದು ಎಂಬುದು ಇನ್ನೊಂದು. ಮೂರನೆಯದು, ಮತ್ತು ನನಗೆ ಹೆಚ್ಚು ಒಪ್ಪಿಗೆಯಾಗುವುದು, ವೈರಸ್ ಹೋದರೂ ಅದರ ವಿರುದ್ಧ ಎದ್ದ ರೋಗನಿರೋಧಕ ಪ್ರತಿಕ್ರಿಯೆ ಪೂರ್ತಿ ಅಡಗಲಿಲ್ಲ ಎಂಬುದು. ಸೋಂಕಿನ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ ಕಣಗಳ ಸಾಮರ್ಥ್ಯ ಈ ರೋಗಿಗಳಲ್ಲಿ ಕಡಿಮೆಯಿರುವುದನ್ನು ಹಲವು ಪ್ರಯೋಗಾಲಯಗಳು ಕಂಡಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಸೋಂಕಿನ ನಂತರವೇ ಕಾಯಿಲೆ ಶುರುವಾದ 17 ಜನರನ್ನು ಆಸ್ಪತ್ರೆಯಲ್ಲಿಟ್ಟು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಿ ಜೀವಕೋಶಗಳ ಹಂಚಿಕೆಯಲ್ಲಿ ವ್ಯತ್ಯಾಸವನ್ನೂ, ಮಿದುಳು ಬಳ್ಳಿಯ ದ್ರವದಲ್ಲಿ, ನರಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್‌ಗೆ ಸಂಬಂಧಿಸಿದ ರಾಸಾಯನಿಕಗಳ ಕೊರತೆಯನ್ನೂ ಗುರುತಿಸಿತು. ಹದಿನೇಳು ಜನ ಎಂಬುದು ಚಿಕ್ಕ ಸಂಖ್ಯೆ, ಹಾಗಾಗಿ ಅದರಿಂದ ದೊಡ್ಡ ತೀರ್ಮಾನಗಳಿಗೆ ಹೋಗಬಾರದು. ಎಡಿನ್‌ಬರೋ ವಿಶ್ವವಿದ್ಯಾಲಯದ ನೇತೃತ್ವದ ಡೀಕೋಡ್‌ಎಂಇ ಅಧ್ಯಯನದ ಸಂಖ್ಯೆ ಹಾಗಲ್ಲ: 15 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರೀಕ್ಷಿಸಿ, ರೋಗಿಗಳಲ್ಲಿ ಆರೋಗ್ಯವಂತರಿಗಿಂತ ಭಿನ್ನವಾಗಿರುವ ಎಂಟು ಜಾಗಗಳನ್ನು 2025ರಲ್ಲಿ ವರದಿ ಮಾಡಿದರು, ಮತ್ತು ಅವುಗಳಲ್ಲಿ ಕೆಲವು ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಗೂ ಕೆಲವು ನರವ್ಯೂಹಕ್ಕೂ ಸಂಬಂಧಪಟ್ಟ ವಂಶವಾಹಿಗಳ ಬಳಿ ಇವೆ. ಒಂದೇ ಮನೆಯಲ್ಲಿ ನಾಲ್ಕು ಜನರಿಗೆ ಒಂದೇ ಜ್ವರ ಬಂದು ಮೂವರು ಎದ್ದು ಓಡಾಡಿ, ಒಬ್ಬರು ಮಾತ್ರ ಏಳಲಾಗದಿರುವುದಕ್ಕೆ ಇಲ್ಲಿ ಒಂದು ಸುಳಿವಿದೆ.

ಈ ಹುಡುಕಾಟದಲ್ಲಿ ರೋಗಿಗಳು ದೊಡ್ಡ ಬೆಲೆ ತೆತ್ತ ಒಂದು ಪ್ರಸಂಗವನ್ನು ಹೇಳಲೇಬೇಕು, ಏಕೆಂದರೆ ಅಂತರ್ಜಾಲದಲ್ಲಿ ಹುಡುಕಿದರೆ ಅದು ನಿಮಗೂ ಸಿಗುತ್ತದೆ. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು, 101 ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನರ ರಕ್ತದಲ್ಲಿ ಎಕ್ಸ್‌ಎಂಆರ್‌ವಿ ಎಂಬ, ಎಚ್‌ಐವಿಯಂತೆಯೇ ರೆಟ್ರೊವೈರಸ್ ಗುಂಪಿಗೆ ಸೇರಿದ ವೈರಸ್ ಇದೆ ಎಂದು ಸಾರಿತು. ಕೊನೆಗೂ ಕಾರಣ ಸಿಕ್ಕಿತು ಎಂದು ಸಾವಿರಾರು ಜನ ಕಣ್ಣೀರಿಟ್ಟರು, ಕೆಲವರು ಎಚ್‌ಐವಿ ಔಷಧಿಗಳನ್ನೂ ತೆಗೆದುಕೊಳ್ಳತೊಡಗಿದರು. ಬೇರೆ ಪ್ರಯೋಗಾಲಯಗಳಲ್ಲಿ ಆ ವೈರಸ್ ಸಿಗಲೇ ಇಲ್ಲ. ಅದು ಇಲಿಗಳ ವೈರಸ್ ಅಂಶಗಳಿಂದ ಪ್ರಯೋಗಾಲಯದಲ್ಲಿಯೇ ಹುಟ್ಟಿ ಮಾದರಿಗಳಿಗೆ ಬೆರೆತದ್ದು ಎಂದು ತಿಳಿಯಿತು. 2011ರ ಡಿಸೆಂಬರ್‌ನಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು, 2012ರಲ್ಲಿ ಇಯಾನ್ ಲಿಪ್‌ಕಿನ್ ಅವರ ತಂಡ ನಡೆಸಿದ ದೊಡ್ಡ ಅಧ್ಯಯನವೂ ಅದನ್ನು ಅಲ್ಲಗಳೆಯಿತು. ಆದ್ದರಿಂದ ‘ಕಾಯಿಲೆಯ ವೈರಸ್ ಪತ್ತೆ’ ಎಂಬ ಸುದ್ದಿಯನ್ನು ಓದಿದಾಗ, ಬೇರೆ ಪ್ರಯೋಗಾಲಯದವರು ಅದನ್ನೇ ಕಂಡಿದ್ದಾರೆಯೇ ಎಂದು ಮೊದಲು ನೋಡಿ.

ವೈರಸ್ ಕೊಲ್ಲುವ ಮಾತ್ರೆಗೆ ಬರೋಣ. ಎಪ್‌ಸ್ಟೀನ್-ಬಾರ್ ಮೇಲಿನ ಅನುಮಾನ ಬಲವಾಗಿದ್ದ ಕಾಲದಲ್ಲಿಯೇ, 1988ರಲ್ಲಿ, ಅಮೆರಿಕದ ಸಂಶೋಧಕರು ಈ ರೋಗಿಗಳ ಮೇಲೆ ಅಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧಿಯ ಪ್ರಯೋಗ ಮಾಡಿದರು. ಔಷಧಿ ಪಡೆದಾಗ ಎಷ್ಟು ಜನ ಸುಧಾರಿಸಿದರೋ, ಔಷಧಿಯಿಲ್ಲದ ಹುಸಿ ಚುಚ್ಚುಮದ್ದು, ಹುಸಿ ಮಾತ್ರೆ ಪಡೆದಾಗಲೂ ಹೆಚ್ಚುಕಡಿಮೆ ಅಷ್ಟೇ ಜನ ಸುಧಾರಿಸಿದರು. ವ್ಯಾಲ್‌ಗಾನ್‌ಸೈಕ್ಲೊವಿರ್ ಮೇಲೆ ನಂತರ ನಡೆದ ಚಿಕ್ಕ ಪ್ರಯೋಗದಲ್ಲಿ ಅಲ್ಪಸ್ವಲ್ಪ ಉಪಯೋಗ ಕಂಡರೂ, ಆ ಔಷಧಿ ರಕ್ತಕಣಗಳ ಉತ್ಪತ್ತಿಯನ್ನೇ ಕುಂದಿಸಬಲ್ಲದು, ಹಾಗಾಗಿ ಅದನ್ನು ಯಾರಿಗೂ ಸುಮ್ಮನೆ ಕೊಡುವಂತಿಲ್ಲ. ನಾರ್ವೆಯ ಕ್ಯಾನ್ಸರ್ ತಜ್ಞರು ಬಿ ಜೀವಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಕೊಟ್ಟಾಗ ಮೊದಲ ಚಿಕ್ಕ ಪ್ರಯೋಗ ಆಸೆ ಹುಟ್ಟಿಸಿತು; 151 ರೋಗಿಗಳ ದೊಡ್ಡ ಪ್ರಯೋಗದಲ್ಲಿ, 2019ರಲ್ಲಿ, ಅದೂ ಸೋತಿತು. ನಮ್ಮ ಊರುಗಳಲ್ಲಿ ವ್ಯಾಲಸೈಕ್ಲೊವಿರ್ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ದಯವಿಟ್ಟು ಕೊಳ್ಳಬೇಡಿ. ಸುಸ್ತು ಎಂದ ಕೂಡಲೇ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವುದರಿಂದ, ಸ್ಟೀರಾಯ್ಡ್ ಮಾತ್ರೆ ನುಂಗುವುದರಿಂದ ಒಂದೆರಡು ದಿನ ಹುರುಪು ಬಂದಂತೆ ಕಂಡರೂ ಕಾಯಿಲೆ ಒಂದಿಂಚೂ ಸರಿಯುವುದಿಲ್ಲ, ಸ್ಟೀರಾಯ್ಡಿನಿಂದ ಬೇರೆ ತೊಂದರೆಗಳು ಅಂಟಿಕೊಳ್ಳುತ್ತವೆ.

ಹಾಗಾದರೆ ಏನು ಮಾಡಬೇಕು? ಮೊದಲು, ಇದೇ ರೀತಿ ಬಳಲಿಸುವ ಮತ್ತು ಚಿಕಿತ್ಸೆಯಿಂದ ಗುಣವಾಗುವ ಬೇರೆ ಕಾಯಿಲೆಗಳಿಲ್ಲ ಎಂದು ಖಚಿತಪಡಿಸಿಕೊಳ್ಳಿ. ‘ಎಲ್ಲ ನಾರ್ಮಲ್’ ಎಂದು ನೀವು ಬರೆದಿದ್ದೀರಿ, ಆದರೆ ಯಾವ ಯಾವ ಪರೀಕ್ಷೆ ಎಂದು ಬರೆದಿಲ್ಲ. ಹಿಮೋಗ್ಲೋಬಿನ್ ಸರಿಯಿದ್ದರೂ, ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಕಡಿಮೆಯಿರಬಹುದು, ನಮ್ಮ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಥೈರಾಯ್ಡ್, ವಿಟಮಿನ್ ಬಿ12 ಮತ್ತು ಡಿ, ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಬೆಳಗಿನ ಹೊತ್ತಿನ ಕಾರ್ಟಿಸೋಲ್ ಹಾರ್ಮೋನಿನ ಪರೀಕ್ಷೆ ಆಗಿರಬೇಕು. ನಮ್ಮ ನಾಡಿನಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಎದೆಯ ಎಕ್ಸ್‌ರೇ ಬೇಕೇಬೇಕು. ಜೋರಾಗಿ ಗೊರಕೆ ಹೊಡೆಯುವವರಾದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನೂ ನೋಡಬೇಕು.

ವೈದ್ಯರ ಬಳಿ ಹೋಗುವ ಮುನ್ನ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆ ಬಹಳ ಉಪಯುಕ್ತ. ಬೆಳಗ್ಗೆ ಕಾಫಿ ಕುಡಿಯುವ ಮೊದಲು ಹತ್ತು ನಿಮಿಷ ಅಂಗಾತ ಮಲಗಿ, ನಾಡಿ ಬಡಿತ ಮತ್ತು ರಕ್ತದೊತ್ತಡವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಎದ್ದು, ಹಿಮ್ಮಡಿಯನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಬೆನ್ನಿನ ಮೇಲ್ಭಾಗವನ್ನು ಗೋಡೆಗೆ ಒರಗಿಸಿ, ಅಲುಗಾಡದೆ ಹತ್ತು ನಿಮಿಷ ನಿಲ್ಲಿ, ಪ್ರತಿ ನಿಮಿಷವೂ ನಾಡಿಯನ್ನು ಯಾರಾದರೂ ಬರೆದುಕೊಳ್ಳಲಿ. ರಕ್ತದೊತ್ತಡ ಹೆಚ್ಚೇನೂ ಇಳಿಯದೆ ನಾಡಿ ಮಾತ್ರ ಮಲಗಿದ್ದಾಗಿಗಿಂತ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲಿಯೇ ನಿಂತರೆ ಅದನ್ನು ಪಾಟ್ಸ್ ಎನ್ನುತ್ತಾರೆ. ಸ್ವಯಂಚಾಲಿತ ನರವ್ಯೂಹ ರಕ್ತನಾಳಗಳನ್ನು ಸರಿಯಾಗಿ ಬಿಗಿಹಿಡಿಯುತ್ತಿಲ್ಲ ಎಂದು ಅದರ ಅರ್ಥ. ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ ಮಲಗಿ, ಪಕ್ಕದಲ್ಲಿ ಒಬ್ಬರು ಇಲ್ಲದೆ ಇದನ್ನು ಮಾಡಲೇಬೇಡಿ. ಈ ತೊಂದರೆ ಸಿಕ್ಕರೆ ನಿಜವಾಗಿ ಸಂತೋಷಪಡಬೇಕು, ಏಕೆಂದರೆ ಉಪ್ಪು ಮತ್ತು ನೀರಿನ ಪ್ರಮಾಣ ಹೆಚ್ಚಿಸುವುದು, ಬಿಗಿ ಕಾಲುಚೀಲ, ಬೇಕಾದರೆ ನಾಡಿ ಇಳಿಸುವ ಮಾತ್ರೆ, ಇವುಗಳಿಂದ ಸಾಕಷ್ಟು ಜನರಿಗೆ ಉಪಶಮನ ಸಿಗುತ್ತದೆ. ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪು ಹೆಚ್ಚಿಸಬಾರದು, ಆದ್ದರಿಂದ ವೈದ್ಯರನ್ನು ಕೇಳಿಯೇ ಮಾಡಿ.

ವಾಕಿಂಗ್ ಬಗ್ಗೆ ಮನೆಯವರಿಗೆ ಹೀಗೆ ಹೇಳಿ. 2011ರಲ್ಲಿ ಬ್ರಿಟನ್ನಿನ 641 ರೋಗಿಗಳ ಪೇಸ್ ಎಂಬ ಪ್ರಯೋಗ, ವ್ಯಾಯಾಮವನ್ನು ವಾರವಾರ ಹೆಚ್ಚಿಸಿದರೆ ಮತ್ತು ಮನಶ್ಶಾಸ್ತ್ರೀಯ ಮಾತುಕತೆಯ ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ ಎಂದು ಹೇಳಿತ್ತು, ಮತ್ತು ಜಗತ್ತಿನಾದ್ಯಂತ ವೈದ್ಯರು ಅದನ್ನು ಅನುಸರಿಸಿದರು. ಚೇತರಿಕೆಯ ಅಳತೆಗೋಲನ್ನು ಮೂಲ ಯೋಜನೆಯಲ್ಲಿದ್ದುದಕ್ಕಿಂತ ಸಡಿಲಿಸಿದ್ದು ಬೆಳಕಿಗೆ ಬಂದ ಮೇಲೆ ಅದು ತೀವ್ರ ಟೀಕೆಗೆ ಒಳಗಾಯಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ ಸಾಕ್ಷ್ಯಗಳನ್ನೆಲ್ಲ ಮರುಪರಿಶೀಲಿಸಿ, 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಎಂಇ/ಸಿಎಫ್ಎಸ್ ಇರುವವರಿಗೆ ಹಂತಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನು ಕೊಡಬಾರದು ಎಂದು ಸ್ಪಷ್ಟವಾಗಿ ಹೇಳಿತು. ಎರಡು ದಿನ ಸತತವಾಗಿ ಸೈಕಲ್ ತುಳಿಸಿ ಆಮ್ಲಜನಕದ ಬಳಕೆ ಅಳೆಯುವ ಪರೀಕ್ಷೆಗಳಲ್ಲಿ, ಆರೋಗ್ಯವಂತರು ಎರಡನೆಯ ದಿನವೂ ಮೊದಲ ದಿನದಷ್ಟೇ ತುಳಿದರೆ ಈ ರೋಗಿಗಳ ಸಾಮರ್ಥ್ಯ ಎರಡನೆಯ ದಿನ ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನೀವು ಬರೆದಿರುವ ‘ಮೂರನೆಯ ದಿನ ಹಾಸಿಗೆ ಹಿಡಿಯುವುದು’ ಸೋಮಾರಿತನವಲ್ಲ.

ನೀವು ಕಲಿಯಬೇಕಾದದ್ದು ಶಕ್ತಿಯ ಮಿತಿಯೊಳಗೆ ಬದುಕುವ ಕ್ರಮವನ್ನು, ಇದನ್ನು ಪೇಸಿಂಗ್ ಎನ್ನುತ್ತಾರೆ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನದ ಕೆಲಸಗಳನ್ನೂ, ಕುಸಿತ ಬಂದ ದಿನಗಳನ್ನೂ ಬರೆಯಿರಿ. ಕುಸಿತದ ಹಿಂದಿನ ಎರಡು ದಿನ ಏನು ಮಾಡಿದ್ದಿರಿ ಎಂದು ಹಿಂತಿರುಗಿ ನೋಡಿದರೆ ನಿಮ್ಮ ಮಿತಿ ಎಲ್ಲಿದೆ ಎಂದು ತಿಳಿಯುತ್ತದೆ. ನಿಂತು ಮಾಡಿದ ನಾಲ್ಕು ಪೀರಿಯಡ್ ಪಾಠವೋ, ಉತ್ತರಪತ್ರಿಕೆ ತಿದ್ದಿದ ರಾತ್ರಿಯೋ, ಮದುವೆ ಮನೆಯ ಗದ್ದಲವೋ ಎಂದು ಗೊತ್ತಾಗುತ್ತದೆ. ಓದುವುದು, ಮಾತಾಡುವುದು, ಬೇಸರಪಟ್ಟುಕೊಳ್ಳುವುದು ಕೂಡ ಶಕ್ತಿ ತಿನ್ನುತ್ತವೆ. ಮಿತಿ ತಿಳಿದ ಮೇಲೆ ಅದಕ್ಕಿಂತ ಒಂದಿಷ್ಟು ಕೆಳಗೇ ನಿಲ್ಲಿಸಿ, ಚೆನ್ನಾಗಿದೆ ಎನಿಸಿದ ದಿನವೂ ಮೀರಬೇಡಿ. ಹೆಚ್ಚಿನವರು ಎಡವುವುದು ಆ ಒಳ್ಳೆಯ ದಿನಗಳಲ್ಲಿಯೇ. ಸ್ನಾನ ಮಾಡುವಾಗ ಸ್ಟೂಲಿನ ಮೇಲೆ ಕುಳಿತುಕೊಳ್ಳಿ, ತರಕಾರಿ ಹೆಚ್ಚುವುದನ್ನು, ಬಟ್ಟೆ ಮಡಚುವುದನ್ನು ಕುಳಿತೇ ಮಾಡಿ, ಅಡುಗೆಮನೆಯ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳಲಿ. ವಾಕಿಂಗ್‌ಗೆ ಹೊರಡಿಸುವ ಉತ್ಸಾಹವನ್ನು ಅವರು ಇದಕ್ಕೆ ಬಳಸಿದರೆ ನಿಮಗೆ ನೂರು ಪಾಲು ಲಾಭ.

ಮನಸ್ಸಿನ ವಿಷಯವನ್ನು ತಳ್ಳಿಹಾಕಲಾರೆ. ಹತ್ತು ತಿಂಗಳು ಹೀಗೆ ಬದುಕಿದವರಿಗೆ ಖಿನ್ನತೆ, ಆತಂಕ ಬರುವುದು ಸಹಜ, ಬಂದರೆ ಅದಕ್ಕೆ ಚಿಕಿತ್ಸೆ ಪಡೆಯಲೇಬೇಕು. ಖಿನ್ನತೆಯಿರುವವರಿಗೆ ಸಾಮಾನ್ಯವಾಗಿ ಯಾವುದನ್ನೂ ಮಾಡುವ ಮನಸ್ಸಿರುವುದಿಲ್ಲ, ಮತ್ತು ವ್ಯಾಯಾಮದಿಂದ ಅವರಿಗೆ ಹಗುರವೆನಿಸುತ್ತದೆ. ನಿಮ್ಮ ಪತ್ರದಲ್ಲಿ ನಾನು ಕಂಡದ್ದು, ಮಾಡಬೇಕೆಂಬ ಆಸೆ ತುಂಬಿದ್ದು ದೇಹ ಒಪ್ಪದಿರುವುದನ್ನು. ಆದರೂ ನಿದ್ದೆ ಪೂರ್ತಿ ಕೆಟ್ಟರೆ, ಬದುಕು ಬೇಡವೆನಿಸಿದರೆ, ತಡಮಾಡದೆ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಗುಣವಾಗುತ್ತೇನೆಯೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಅದಕ್ಕೆ ಉತ್ತರಿಸುವುದು ನನ್ನ ಕರ್ತವ್ಯ. ಸೋಂಕಿನ ನಂತರದ ಬಳಲಿಕೆಯಿಂದ ಮೊದಲ ಎರಡು ವರ್ಷಗಳಲ್ಲಿ ಸುಧಾರಿಸುವವರು ಹಲವರಿದ್ದಾರೆ, ಎಳೆಯರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ವಯಸ್ಕರಲ್ಲಿ ಕಾಯಿಲೆ ಬೇರೂರಿದ ಮೇಲೆ ಪೂರ್ತಿ ಮೊದಲಿನಂತಾಗುವವರು ಕಡಿಮೆ, ಆದರೆ ಗಣನೀಯವಾಗಿ ಸುಧಾರಿಸುವವರು ಅದಕ್ಕಿಂತ ಹೆಚ್ಚು. ನೀವಿನ್ನೂ ಹತ್ತನೆಯ ತಿಂಗಳಲ್ಲಿದ್ದೀರಿ. ಈ ಅವಧಿಯಲ್ಲಿ ಪದೇ ಪದೇ ಕುಸಿತ ತಂದುಕೊಳ್ಳದಿರುವುದೇ ನಿಮ್ಮ ಕೈಯಲ್ಲಿರುವ ಅತ್ಯಂತ ಮುಖ್ಯ ಚಿಕಿತ್ಸೆ ಎಂದು ನಾನು ನಂಬಿದ್ದೇನೆ. ಸಾಧ್ಯವಿದ್ದರೆ ವೈದ್ಯಕೀಯ ರಜೆಯನ್ನು ಪೂರ್ತಿ ಕೆಟ್ಟ ಮೇಲೆ ಹಾಕುವ ಬದಲು ಈಗಲೇ ಹಾಕಿ; ರಜೆ ಮುಗಿದು ಶಾಲೆಗೆ ಮರಳುವಾಗ ಕುಳಿತು ಪಾಠ ಮಾಡಲು, ಪೀರಿಯಡ್ಡುಗಳ ನಡುವೆ ಬಿಡುವಿರಿಸಲು, ಮೇಲಿನ ಮಹಡಿಯ ತರಗತಿ ತಪ್ಪಿಸಲು ಮುಖ್ಯೋಪಾಧ್ಯಾಯರನ್ನು ಲಿಖಿತವಾಗಿ ಕೇಳಿ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಎಪ್‌ಸ್ಟೀನ್-ಬಾರ್ ರಿಪೋರ್ಟಿನ ಬದಲು ಆ ಎರಡು ವಾರಗಳ ನೋಟ್‌ಬುಕ್ಕನ್ನೂ, ನಿಂತಾಗಿನ ನಾಡಿಯ ಲೆಕ್ಕವನ್ನೂ ಅವರ ಮೇಜಿನ ಮೇಲಿಡಿ; ‘ಸುಸ್ತು’ ಎಂದಷ್ಟೇ ಹೇಳದೆ, ಯಾವ ಕೆಲಸದ ಎಷ್ಟು ಗಂಟೆಗಳ ನಂತರ ಕುಸಿತ ಬರುತ್ತದೆ, ಎಷ್ಟು ದಿನ ಇರುತ್ತದೆ ಎಂಬುದನ್ನು ಮೊದಲು ಹೇಳಿ.